ಹಂದಿಮರಿಗಳ ಎಳೆತನದ ಆಹಾರ: ಮೊದಲ ಎಂಟು ವಾರಗಳ ಪೋಷಣೆ

ಪೀಠಿಕೆ

ಹಂದಿ ಸಾಕಣೆಯು ಭಾರತದಲ್ಲಿ ಬಹುಮಟ್ಟಿಗೆ ಸಣ್ಣ ರೈತರ, ಭೂಹೀನ ಕೃಷಿ ಕಾರ್ಮಿಕರ ಹಾಗೂ ಬುಡಕಟ್ಟು ಕುಟುಂಬಗಳ ಕಸುಬಾಗಿದೆ. 2019ರಲ್ಲಿ ನಡೆದ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಹಂದಿಗಳ ಸಂಖ್ಯೆ ಸುಮಾರು 90.6 ಲಕ್ಷ. ಇವುಗಳಲ್ಲಿ ಸುಮಾರು 21 ಲಕ್ಷ ಹಂದಿಗಳು ಅಸ್ಸಾಂ ರಾಜ್ಯವೊಂದರಲ್ಲಿಯೇ ಇದ್ದವು. 2012ರ ಗಣತಿಗೆ ಹೋಲಿಸಿದರೆ ದೇಶದ ಒಟ್ಟು ಸಂಖ್ಯೆಯು ಶೇಕಡಾ 12ರಷ್ಟು ಇಳಿದಿತ್ತು. ಈಶಾನ್ಯ ರಾಜ್ಯಗಳು, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಛತ್ತೀಸ್‌ಗಢಗಳಲ್ಲಿ ಈ ಕಸುಬು ಹೆಚ್ಚಾಗಿ ರೂಢಿಯಲ್ಲಿದೆ. ದಕ್ಷಿಣದಲ್ಲಿ ಕೇರಳ, ಗೋವಾ ಮತ್ತು ಕೊಡಗಿನಲ್ಲಿ ಹಂದಿ ಮಾಂಸಕ್ಕೆ ಹಿಂದಿನಿಂದಲೂ ಬೇಡಿಕೆಯಿದೆ. ಮಹಾನಗರಗಳ ಅಂಚಿನಲ್ಲಿಯೂ ಅನೇಕ ಕುಟುಂಬಗಳು ಎರಡು ಅಥವಾ ಮೂರು ಹೆಣ್ಣು ಹಂದಿಗಳನ್ನು ಸಾಕಿ ಜೀವನ ನಡೆಸುತ್ತಿವೆ.

ಹಂದಿಯಷ್ಟು ಶೀಘ್ರವಾಗಿ ವೃದ್ಧಿಯಾಗುವ ಜಾನುವಾರು ಬೇರೊಂದಿಲ್ಲ. ಅದರ ಗರ್ಭಾವಧಿಯು ಸುಮಾರು 114 ದಿನಗಳು, ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಉತ್ತಮ ಮಿಶ್ರತಳಿಯ ಹಂದಿಯು ಒಂದು ಸೂಲಿಗೆ ಎಂಟರಿಂದ ಹತ್ತು ಮರಿಗಳನ್ನು ಹಾಕುತ್ತದೆ. ವರ್ಷಕ್ಕೆ ಎರಡು ಸೂಲುಗಳು ಸಾಧ್ಯ. ಆದರೆ ಹುಟ್ಟಿದ ಮರಿಗಳೆಲ್ಲವೂ ಮಾರಾಟದ ವಯಸ್ಸನ್ನು ತಲುಪುವುದಿಲ್ಲ. ಕೆಲವು ಮರಿಗಳು ಮೊದಲ ಮೂರು ದಿನಗಳಲ್ಲಿಯೇ ಸಾಯುತ್ತವೆ. ಇನ್ನು ಕೆಲವು ಬದುಕಿ ಉಳಿದರೂ ಬಡಕಲಾಗಿ ಬೆಳೆದು, ತಿಂದ ಆಹಾರಕ್ಕೆ ತಕ್ಕ ತೂಕವನ್ನು ಪಡೆಯುವುದಿಲ್ಲ. ಈ ಎರಡೂ ಬಗೆಯ ನಷ್ಟಗಳ ಮೂಲವು ಬಹುತೇಕ ಒಂದೇ ಆಗಿದೆ. ಜೀವನದ ಮೊದಲ ಎಂಟು ವಾರಗಳಲ್ಲಿ ಮರಿಗೆ ಸರಿಯಾದ ಆಹಾರವು ಸರಿಯಾದ ಸಮಯಕ್ಕೆ ದೊರೆಯದಿರುವುದೇ ಆ ಮೂಲ.

ನಷ್ಟದ ಲೆಕ್ಕ

ಒಂದು ಸರಳ ಲೆಕ್ಕದಿಂದ ಈ ಮಾತನ್ನು ಮನದಟ್ಟು ಮಾಡಿಕೊಳ್ಳಬಹುದು. ಗಬ್ಬದ ಹಂದಿಗೆ ದಿನಕ್ಕೆ ಎರಡೂವರೆ ಕಿಲೋಗ್ರಾಂ ಆಹಾರದಂತೆ 114 ದಿನಗಳಿಗೆ 285 ಕಿಲೋಗ್ರಾಂ ಬೇಕಾಗುತ್ತದೆ. ಮರಿ ಹಾಕಿದ ಮೇಲೆ ತಾಯಿಯ ಸ್ವಂತ ಪೋಷಣೆಗೆ ದಿನಕ್ಕೆ 2 ಕಿಲೋಗ್ರಾಂ ಹಾಗೂ ಹಾಲು ಕುಡಿಯುವ ಪ್ರತಿ ಮರಿಗೆ 250 ಗ್ರಾಂ ಲೆಕ್ಕದಲ್ಲಿ ಆಹಾರ ಕೊಡಬೇಕು. 56 ದಿನಗಳ ಹಾಲುಣಿಸುವ ಅವಧಿಯಲ್ಲಿ ಆರು ಮರಿಗಳಿದ್ದರೆ 196 ಕಿಲೋಗ್ರಾಂ, ಒಂಬತ್ತು ಮರಿಗಳಿದ್ದರೆ 238 ಕಿಲೋಗ್ರಾಂ ಖರ್ಚಾಗುತ್ತದೆ.

ಹೀಗೆ ಆರು ಮರಿಗಳು ಉಳಿದಾಗ ತಾಯಿ ತಿಂದ ಒಟ್ಟು ಆಹಾರ 481 ಕಿಲೋಗ್ರಾಂ. ಅಂದರೆ ಪ್ರತಿ ಮರಿಯ ಬಾಬ್ತು ಸುಮಾರು 80 ಕಿಲೋಗ್ರಾಂ. ಒಂಬತ್ತು ಮರಿಗಳು ಉಳಿದಾಗ ಒಟ್ಟು 523 ಕಿಲೋಗ್ರಾಂ. ಪ್ರತಿ ಮರಿಯ ಬಾಬ್ತು ಸುಮಾರು 58 ಕಿಲೋಗ್ರಾಂ ಮಾತ್ರ. ಕೇವಲ 42 ಕಿಲೋಗ್ರಾಂ ಹೆಚ್ಚಿನ ಆಹಾರಕ್ಕೆ ಮೂರು ಮರಿಗಳು ಅಧಿಕವಾಗಿ ಕೈಸೇರುತ್ತವೆ. ಎರಡು ಹಂದಿಗಳನ್ನು ಮಾತ್ರ ಸಾಕುವ ಕುಟುಂಬಕ್ಕೆ ವರ್ಷದ ಆದಾಯದಲ್ಲಿ ಇದು ಬಹು ದೊಡ್ಡ ವ್ಯತ್ಯಾಸವಾಗಿದೆ. ಆದುದರಿಂದ ಲಾಭನಷ್ಟಗಳು ಹಂದಿಯನ್ನು ಕೊಬ್ಬಿಸುವ ಕೊಟ್ಟಿಗೆಗಿಂತ ಮೊದಲೇ, ಮರಿ ಹಾಕುವ ಕೊಟ್ಟಿಗೆಯಲ್ಲಿ ನಿರ್ಧಾರವಾಗುತ್ತವೆ ಎಂಬುದು ಗಮನಾರ್ಹ.

ಎಳೆಮರಿಯ ದೇಹಸ್ಥಿತಿ

ಮಿಶ್ರತಳಿಯ ಮರಿಯು ಹುಟ್ಟುವಾಗ ಸಾಮಾನ್ಯವಾಗಿ 1ರಿಂದ 1.5 ಕಿಲೋಗ್ರಾಂ ತೂಗುತ್ತದೆ. ದೇಶೀ ತಳಿಗಳ ಮರಿಗಳ ತೂಕ ಇನ್ನೂ ಕಡಿಮೆ. ಹುಟ್ಟಿದ ಮರಿಯಲ್ಲಿ ಮೂರು ಕೊರತೆಗಳಿರುತ್ತವೆ.

ಮೊದಲನೆಯದು ಶಾಖದ ಕೊರತೆ. ಮರಿಯ ಮೈಮೇಲೆ ದಟ್ಟವಾದ ಕೂದಲಾಗಲಿ, ಚರ್ಮದಡಿಯಲ್ಲಿ ಸಾಕಷ್ಟು ಕೊಬ್ಬಾಗಲಿ ಇರುವುದಿಲ್ಲ. ದೇಹದಲ್ಲಿ ಕೂಡಿಟ್ಟ ಶಕ್ತಿಯು ಹೆಚ್ಚೆಂದರೆ ಒಂದು ದಿನಕ್ಕೆ ಸಾಲುತ್ತದೆ. ಎರಡನೆಯದು ರೋಗನಿರೋಧಕ ಶಕ್ತಿಯ ಕೊರತೆ. ಮಾನವ ಶಿಶುವಿಗೆ ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ಅಂಶಗಳು ದೊರೆಯುತ್ತವೆ. ಹಂದಿಯ ಗರ್ಭದ ಮಾಸುವಿನ ರಚನೆಯು ಇದಕ್ಕೆ ಅವಕಾಶ ಕೊಡುವುದಿಲ್ಲ. ಹೀಗಾಗಿ ಹಂದಿಮರಿಯು ಯಾವ ರಕ್ಷಣೆಯೂ ಇಲ್ಲದೆ ಹುಟ್ಟುತ್ತದೆ. ಮೂರನೆಯದು ಕಬ್ಬಿಣದ ಕೊರತೆ. ಇದರ ಪರಿಣಾಮವು ಎರಡನೆಯ ವಾರದಿಂದ ಕಾಣತೊಡಗುತ್ತದೆ.

ಇವುಗಳೊಂದಿಗೆ ಜೀರ್ಣಾಂಗಗಳ ಅಪಕ್ವತೆಯನ್ನೂ ಪರಿಗಣಿಸಬೇಕು. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವು ಮರಿಯ ಕರುಳಿನಲ್ಲಿ ಹುಟ್ಟಿನಿಂದಲೇ ಹೇರಳವಾಗಿರುತ್ತದೆ. ಧಾನ್ಯದ ಪಿಷ್ಟವನ್ನು ಜೀರ್ಣಿಸುವ ಕಿಣ್ವಗಳು ಮಾತ್ರ ಮೂರು ನಾಲ್ಕು ವಾರಗಳವರೆಗೆ ಸಾಕಷ್ಟು ಇರುವುದಿಲ್ಲ. ಜಠರದಲ್ಲಿ ಆಮ್ಲವೂ ಕಡಿಮೆಯಿರುವುದರಿಂದ ರೋಗಾಣುಗಳು ಸುಲಭವಾಗಿ ಕರುಳನ್ನು ತಲುಪುತ್ತವೆ. ಮರಿಯ ಆಹಾರಕ್ರಮವನ್ನು ಈ ನಿಜಸ್ಥಿತಿಗೆ ಅನುಗುಣವಾಗಿ ರೂಪಿಸಿಕೊಳ್ಳಬೇಕು.

ಪೋಷಣೆಯ ಆರಂಭ ತಾಯಿಯಿಂದ

ಮರಿಯ ಪೋಷಣೆಯು ಅದು ಹುಟ್ಟುವುದಕ್ಕೆ ಮೊದಲೇ ಆರಂಭವಾಗಬೇಕು. ಗರ್ಭದಲ್ಲಿ ಮರಿಗಳ ಬೆಳವಣಿಗೆಯ ಬಹುಭಾಗವು ಕೊನೆಯ ಒಂದು ತಿಂಗಳಿನಲ್ಲಿ ನಡೆಯುತ್ತದೆ. ಆ ಅವಧಿಯಲ್ಲಿ ತಾಯಿಗೆ ದಿನಕ್ಕೆ ಅರ್ಧ ಕಿಲೋಗ್ರಾಂನಷ್ಟು ಹೆಚ್ಚು ಆಹಾರವನ್ನು ಕೊಟ್ಟರೆ ಮರಿಗಳು ಪುಷ್ಟವಾಗಿ ಹುಟ್ಟುತ್ತವೆ. ಮರಿ ಹಾಕುವ ಮೂರು ನಾಲ್ಕು ದಿನಗಳ ಮುಂಚೆ ಧಾನ್ಯದ ಪ್ರಮಾಣವನ್ನು ತಗ್ಗಿಸಿ, ಗೋಧಿ ಬೂಸಾವನ್ನು ಹೆಚ್ಚಿಸಬೇಕು. ಇದರಿಂದ ಮಲಬದ್ಧತೆ ಉಂಟಾಗದೆ ಪ್ರಸವ ಸುಲಭವಾಗುತ್ತದೆ. ಮಲಬದ್ಧತೆಯಿಂದ ಜ್ವರ ಬಂದ ತಾಯಿಯ ಕೆಚ್ಚಲಿನಲ್ಲಿ ಹಾಲು ಇಳಿಯುವುದಿಲ್ಲ.

ಹಾಲುಣಿಸುವ ಹಂದಿಗೆ ನೀರಿನ ಅಗತ್ಯ ಬಹಳ. ದಿನವೊಂದಕ್ಕೆ 20ರಿಂದ 25 ಲೀಟರ್ ಅಥವಾ ಅದಕ್ಕೂ ಹೆಚ್ಚು ಶುದ್ಧವಾದ ನೀರು ಬೇಕಾಗುತ್ತದೆ. ಆಹಾರ ಎಷ್ಟೇ ಉತ್ತಮವಾಗಿದ್ದರೂ ನೀರು ಸಾಲದಿದ್ದರೆ ಹಾಲು ಬತ್ತುತ್ತದೆ. ಬೇಸಗೆಯಲ್ಲಿ ಮರಿಗಳು ಸೊರಗಿದಾಗ ಮೊದಲು ತಾಯಿಯ ನೀರಿನ ತೊಟ್ಟಿಯನ್ನು ಪರೀಕ್ಷಿಸುವುದು ಉಚಿತ.

ಮೊದಲ ದಿನ: ಗಿಣ್ಣುಹಾಲು

ಮರಿ ಹಾಕಿದ ಕೂಡಲೇ ಕೆಚ್ಚಲಿನಲ್ಲಿ ದೊರೆಯುವ ದಪ್ಪನೆಯ ಹಾಲನ್ನು ಗಿಣ್ಣುಹಾಲು ಎನ್ನುತ್ತಾರೆ. ಇದು ಮರಿಗೆ ಆಹಾರವೂ ಹೌದು, ಶಾಖವೂ ಹೌದು, ರೋಗದಿಂದ ರಕ್ಷಣೆಯೂ ಹೌದು. ತಾಯಿಯ ರೋಗನಿರೋಧಕ ಅಂಶಗಳು ಗಿಣ್ಣುಹಾಲಿನ ಮೂಲಕವೇ ಮರಿಗೆ ಬರುತ್ತವೆ. ಆದರೆ ಈ ಅಂಶಗಳನ್ನು ಒಡೆಯದೆ ಹಾಗೆಯೇ ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿಯು ಮರಿಯ ಕರುಳಿಗೆ ಸುಮಾರು 24ರಿಂದ 36 ಗಂಟೆಗಳವರೆಗೆ ಮಾತ್ರ ಇರುತ್ತದೆ. ಅತ್ತ ತಾಯಿಯ ಹಾಲಿನಲ್ಲಿಯೂ ಈ ಅಂಶಗಳು ಗಂಟೆಗಂಟೆಗೂ ಇಳಿಯುತ್ತ ಹೋಗುತ್ತವೆ. ಬೆಳಿಗ್ಗೆ ಹುಟ್ಟಿದ ಮರಿಗೆ ಮರುದಿನ ಎಷ್ಟು ಹಾಲು ಕುಡಿಸಿದರೂ ಮೊದಲ ದಿನದ ನಷ್ಟವನ್ನು ತುಂಬಲಾಗದು.

ಪ್ರತಿಯೊಂದು ಮರಿಗೂ ಮೊದಲ ದಿನ ಸುಮಾರು 250 ಗ್ರಾಂ ಗಿಣ್ಣುಹಾಲು ದೊರೆಯಬೇಕು. ಇದಕ್ಕಾಗಿ ಪ್ರಸವದ ಸಮಯದಲ್ಲಿ ಒಬ್ಬರು ಹತ್ತಿರದಲ್ಲಿಯೇ ಇರುವುದು ಅವಶ್ಯಕ. ಮರಿ ಹೊರಬಂದ ಕೂಡಲೇ ಅದರ ಮೂಗು ಬಾಯಿಗಳಲ್ಲಿರುವ ಲೋಳೆಯನ್ನು ತೆಗೆದು, ಮೈಯನ್ನು ಒಣ ಬಟ್ಟೆಯಿಂದ ಒರೆಸಬೇಕು. ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ಮರಿಯನ್ನು ತಡಮಾಡದೆ ತಾಯಿಯ ಮೊಲೆತೊಟ್ಟಿಗೆ ಹಿಡಿಸಬೇಕು. ಎಲ್ಲ ಮರಿಗಳೂ ಹುಟ್ಟಲಿ ಎಂದು ಕಾಯುವುದು ಸರಿಯಲ್ಲ. ಪ್ರಸವವು ಹಲವು ಗಂಟೆಗಳ ಕಾಲ ನಡೆಯಬಹುದಾದ್ದರಿಂದ ಮೊದಲು ಹುಟ್ಟಿದ ಮರಿಗಳು ಅಷ್ಟರಲ್ಲಿ ತಣ್ಣಗಾಗಿಬಿಡುತ್ತವೆ.

ದುರ್ಬಲ ಮರಿಗಳ ವಿಷಯದಲ್ಲಿ ವಿಶೇಷ ಗಮನ ಬೇಕು. ಮರಿಗಳ ಸಂಖ್ಯೆ ಹೆಚ್ಚಾಗಿರುವಾಗ, ಹಾಲು ಕುಡಿದು ಹೊಟ್ಟೆ ತುಂಬಿದ ದೊಡ್ಡ ಮರಿಗಳನ್ನು ಒಂದು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಬೆಚ್ಚಗಿನ ಬುಟ್ಟಿಯಲ್ಲಿಟ್ಟು, ಸಣ್ಣ ಮರಿಗಳಿಗೆ ಅಡ್ಡಿಯಿಲ್ಲದೆ ಕುಡಿಯಲು ಬಿಡಬೇಕು. ಮೊದಲ ದಿನ ಇದನ್ನು ಎರಡು ಮೂರು ಬಾರಿ ಮಾಡಬಹುದು. ಚೀಪಲಾರದಷ್ಟು ಸೋತ ಮರಿಗೆ ತಾಯಿಯ ಗಿಣ್ಣುಹಾಲನ್ನು ಕೈಯಿಂದ ಹಿಂಡಿ, ಚಮಚ ಅಥವಾ ಸೂಜಿಯಿಲ್ಲದ ಸಿರಿಂಜಿನಿಂದ ಸ್ವಲ್ಪ ಸ್ವಲ್ಪವಾಗಿ ಬಾಯಿಗೆ ಹಾಕಬೇಕು.

ಹಂದಿಮರಿಗಳು ಎರಡು ಮೂರು ದಿನಗಳಲ್ಲಿ ತಮ್ಮತಮ್ಮ ಮೊಲೆತೊಟ್ಟನ್ನು ಗೊತ್ತುಮಾಡಿಕೊಂಡು, ಮುಂದೆ ಅದನ್ನೇ ಕುಡಿಯುತ್ತವೆ. ಸಾಮಾನ್ಯವಾಗಿ ಎದೆಯ ಕಡೆಯ ತೊಟ್ಟುಗಳಲ್ಲಿ ಹಾಲು ಹೆಚ್ಚು. ಬಲವಾದ ಮರಿಗಳು ಅವುಗಳನ್ನು ಆಕ್ರಮಿಸುತ್ತವೆ. ಸಣ್ಣ ಮರಿಗಳನ್ನು ಮೊದಲ ದಿನದಿಂದಲೇ ಮುಂದಿನ ತೊಟ್ಟುಗಳಿಗೆ ಹಿಡಿಸಿದರೆ ಮರಿಗಳ ನಡುವಿನ ತೂಕದ ಅಂತರವು ತಗ್ಗುತ್ತದೆ. ತಾಯಿಯು ಸುಮಾರು ಒಂದು ಗಂಟೆಗೊಮ್ಮೆ ಹಾಲುಣಿಸುತ್ತದೆ. ಪ್ರತಿ ಬಾರಿಯೂ ಹಾಲು ಇಳಿಯುವುದು ಅರ್ಧ ನಿಮಿಷಕ್ಕಿಂತ ಕಡಿಮೆ ಹೊತ್ತು. ಆ ಗಳಿಗೆಯಲ್ಲಿ ತೊಟ್ಟು ಸಿಗದ ಮರಿಯು ಮುಂದಿನ ಸರದಿಯವರೆಗೆ ಹಸಿದಿರಬೇಕಾಗುತ್ತದೆ.

ಬೆಚ್ಚಗಿನ ತಾಣ

ಚಳಿಯಿಂದ ಸೋತ ಮರಿಯು ಹಾಲು ಕುಡಿಯುವುದಿಲ್ಲ. ಹಾಲು ಕುಡಿಯದ ಮರಿಯು ಇನ್ನಷ್ಟು ತಣ್ಣಗಾಗುತ್ತದೆ. ಕೊನೆಗೆ ಶಾಖವನ್ನರಸಿ ತಾಯಿಯ ಮೈಗೆ ಒತ್ತಿ ಮಲಗಿ, ಅದರ ಭಾರದಡಿ ಸಿಕ್ಕಿ ಸಾಯುತ್ತದೆ. ತಾಯಿ ಮೆಟ್ಟಿ ಸತ್ತವು ಎನ್ನಲಾಗುವ ಮರಿಗಳಲ್ಲಿ ಅನೇಕವು ವಾಸ್ತವವಾಗಿ ಚಳಿ ಮತ್ತು ಹಸಿವಿನಿಂದ ಮೊದಲೇ ಸೋತಿರುತ್ತವೆ.

ಮೊದಲ ದಿನಗಳಲ್ಲಿ ಮರಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಾಯಿಗಾದರೋ 20 ಡಿಗ್ರಿಯ ಆಸುಪಾಸಿನ ತಂಪು ಹಿತಕರ. ಇಬ್ಬರ ಅಗತ್ಯವನ್ನೂ ಒಂದೇ ಕೊಟ್ಟಿಗೆಯಲ್ಲಿ ಪೂರೈಸಬೇಕಾದರೆ, ಒಂದು ಮೂಲೆಯಲ್ಲಿ ಮರಿಗಳಿಗಾಗಿ ಪ್ರತ್ಯೇಕ ತಾಣವನ್ನು ಮಾಡಬೇಕು. ಬಿದಿರಿನ ಅಥವಾ ಮರದ ಪಟ್ಟಿಗಳಿಂದ ತಡೆ ಕಟ್ಟಿ, ಮರಿಗಳು ಮಾತ್ರ ನುಸುಳುವಷ್ಟು ಸಂದು ಬಿಡಬೇಕು. ಒಳಗೆ ಒಣ ಹುಲ್ಲು ಅಥವಾ ಗೋಣಿಯನ್ನು ಹಾಸಿ, ಮೇಲೆ ವಿದ್ಯುತ್ ಬಲ್ಬನ್ನು ತೂಗುಹಾಕಬೇಕು. ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದರೆ ಶಾಖ ಸಾಲದೆಂದೂ, ದೀಪದಿಂದ ದೂರ ಸರಿದು ಏದುಸಿರು ಬಿಡುತ್ತಿದ್ದರೆ ಶಾಖ ಹೆಚ್ಚಾಯಿತೆಂದೂ ತಿಳಿಯಬೇಕು. ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಶಾಖವನ್ನು ಕಡಿಮೆ ಮಾಡುತ್ತ ಹೋಗಬಹುದು. ಗೋಡೆಯುದ್ದಕ್ಕೂ ನೆಲದಿಂದ ಹಾಗೂ ಗೋಡೆಯಿಂದ ಸುಮಾರು 25 ಸೆಂಟಿಮೀಟರ್ ಅಂತರದಲ್ಲಿ ಕೊಳವೆ ಅಥವಾ ಗಟ್ಟಿ ಬಿದಿರನ್ನು ಅಡ್ಡಲಾಗಿ ಕಟ್ಟಿದರೆ ತಾಯಿ ಮಲಗುವಾಗ ಮರಿಗಳಿಗೆ ತಪ್ಪಿಸಿಕೊಳ್ಳಲು ಎಡೆ ದೊರೆಯುತ್ತದೆ.

ಕಬ್ಬಿಣದ ಅಂಶ

ಹುಟ್ಟುವಾಗ ಮರಿಯ ದೇಹದಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಬೆಳವಣಿಗೆಗೆ ದಿನಕ್ಕೆ 7ರಿಂದ 10 ಮಿಲಿಗ್ರಾಂ ಬೇಕಾಗುತ್ತದೆ. ತಾಯಿಯ ಹಾಲಿನಿಂದ ದೊರೆಯುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಈ ಲೆಕ್ಕದಂತೆ ಒಂದು ವಾರದೊಳಗೆ ಮರಿಯ ಸಂಗ್ರಹವು ಬರಿದಾಗುತ್ತದೆ. ಬಯಲಿನಲ್ಲಿ ತಿರುಗಾಡುವ ಹಂದಿಯ ಮರಿಗಳು ಮಣ್ಣನ್ನು ಮೂಸಿ ತಿಂದು ಈ ಕೊರತೆಯನ್ನು ನೀಗಿಕೊಳ್ಳುತ್ತವೆ. ಸಿಮೆಂಟಿನ ನೆಲದ ಕೊಟ್ಟಿಗೆಯಲ್ಲಿ ಹುಟ್ಟಿದ ಮರಿಗೆ ಆ ಅನುಕೂಲವಿಲ್ಲ. ಕೊಟ್ಟಿಗೆಯು ಸುಧಾರಿಸಿದಂತೆಲ್ಲ ಕಬ್ಬಿಣವನ್ನು ಹೊರಗಿನಿಂದ ಒದಗಿಸುವ ಹೊಣೆಯು ಸಾಕುವವರ ಮೇಲೆ ಬೀಳುತ್ತದೆ.

ಕಬ್ಬಿಣದ ಕೊರತೆಯುಂಟಾದ ಮರಿಯ ಕಿವಿ ಮತ್ತು ಮೂತಿ ಬಿಳಿಚಿಕೊಳ್ಳುತ್ತವೆ. ಕೂದಲು ಒರಟಾಗುತ್ತದೆ, ಮರಿಯು ಸ್ವಲ್ಪ ಓಡಿದರೂ ಏದುಸಿರು ಬಿಡುತ್ತದೆ. ಇಂತಹ ಮರಿಗಳಿಗೆ ಭೇದಿ ಬೇಗ ತಗಲುತ್ತದೆ. ಇದನ್ನು ತಡೆಯಲು ಪಶುವೈದ್ಯರ ಸಲಹೆಯಂತೆ ಮೂರನೆಯ ಅಥವಾ ನಾಲ್ಕನೆಯ ದಿನ 100 ಮಿಲಿಗ್ರಾಂ ಕಬ್ಬಿಣವಿರುವ ಐರನ್ ಡೆಕ್ಸ್‌ಟ್ರಾನ್ ಚುಚ್ಚುಮದ್ದನ್ನು ಕೊಡಿಸಿ, 14ನೆಯ ದಿನ ಅದನ್ನು ಪುನಃ ಕೊಡಿಸಬೇಕು. ಒಂದೇ ಬಾರಿಗೆ 200 ಮಿಲಿಗ್ರಾಂ ಕೊಡಿಸುವ ಪದ್ಧತಿಯೂ ಇದೆ. ಚುಚ್ಚುಮದ್ದು ದೊರೆಯದ ಕಡೆ ಅರ್ಧ ಕಿಲೋಗ್ರಾಂ ಅನ್ನಭೇದಿಯನ್ನು 10 ಲೀಟರ್ ನೀರಿನಲ್ಲಿ ಕರಗಿಸಿ, ಆ ದ್ರಾವಣವನ್ನು ಪ್ರತಿದಿನ ತಾಯಿಯ ಕೆಚ್ಚಲಿಗೆ ಸವರಬಹುದು. ಮರಿಗಳು ಹಾಲಿನೊಂದಿಗೆ ಅದನ್ನೂ ನೆಕ್ಕಿಕೊಳ್ಳುತ್ತವೆ. ಹಂದಿಗಳು ಎಂದೂ ಓಡಾಡದ ಜಾಗದ ಶುದ್ಧ ಮಣ್ಣನ್ನು ಮರಿಗಳ ಮೂಲೆಯಲ್ಲಿ ಇಡುವುದುಂಟು. ಆದರೆ ಹಂದಿಗಳು ತಿರುಗಾಡಿದ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳಿರುವುದರಿಂದ ಅದನ್ನು ಬಳಸಬಾರದು.

ಹಾಲು ಸಾಲದ ಕಾಲ

ಹಂದಿಯ ಹಾಲು ಹಸುವಿನ ಹಾಲಿಗಿಂತ ಪುಷ್ಟಿಕರವಾದುದು. ಅದರಲ್ಲಿ ಕೊಬ್ಬಿನ ಅಂಶವು ಸುಮಾರು ಶೇಕಡಾ 7ರಷ್ಟಿರುತ್ತದೆ. ಈ ಹಾಲಿನ ಬಲದಿಂದಲೇ ಮರಿಯ ತೂಕವು ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಆದರೆ ತಾಯಿಯ ಹಾಲು ಮೂರು ನಾಲ್ಕನೆಯ ವಾರದ ಹೊತ್ತಿಗೆ ಗರಿಷ್ಠ ಮಟ್ಟವನ್ನು ಮುಟ್ಟಿ, ಅನಂತರ ಇಳಿಯತೊಡಗುತ್ತದೆ. ಮರಿಯ ಹಸಿವು ಮಾತ್ರ ದಿನದಿನಕ್ಕೂ ಏರುತ್ತಲೇ ಇರುತ್ತದೆ. ಬೇಡಿಕೆ ಮತ್ತು ಪೂರೈಕೆಗಳ ನಡುವಿನ ಈ ಅಂತರವನ್ನು ತುಂಬುವುದಕ್ಕಾಗಿ ಕೊಡುವ ಘನ ಆಹಾರವೇ ಕ್ರೀಪ್ ಆಹಾರ. ತಾಯಿಗೆ ಎಟುಕದಂತೆ, ಮರಿಗಳು ಮಾತ್ರ ನುಸುಳಿ ಹೋಗಿ ತಿನ್ನುವ ವ್ಯವಸ್ಥೆಯಿರುವುದರಿಂದ ಈ ಹೆಸರು ಬಂದಿದೆ.

ಕ್ರೀಪ್ ಆಹಾರದ ಪ್ರಯೋಜನವು ತೂಕದ ಹೆಚ್ಚಳಕ್ಕೆ ಸೀಮಿತವಲ್ಲ. ಬಾಯಿಗೆ ಬಿದ್ದ ಹಿಟ್ಟಿನ ಪ್ರತಿಯೊಂದು ತುತ್ತೂ ಮರಿಯ ಕರುಳಿಗೆ ಒಂದು ಪಾಠದಂತೆ. ಅದರಿಂದ ಪಿಷ್ಟವನ್ನು ಜೀರ್ಣಿಸುವ ಕಿಣ್ವಗಳು ಬೆಳೆಯುತ್ತವೆ; ಜಠರದ ಆಮ್ಲ ಹೆಚ್ಚುತ್ತದೆ; ತಾಯಿಯನ್ನು ಬಿಟ್ಟ ದಿನ ಮರಿಗೆ ಆಹಾರದ ವಾಸನೆ ಹೊಸತೆನಿಸುವುದಿಲ್ಲ.

ಹುಟ್ಟಿದ 10ರಿಂದ 14 ದಿನಗಳ ನಡುವೆ ಇದನ್ನು ಆರಂಭಿಸಬೇಕು. ಮೊದಲಿಗೆ ಒಂದು ಹಿಡಿಯಷ್ಟನ್ನು ತಗ್ಗಾದ ತಟ್ಟೆಯಲ್ಲಿ, ಮಲಮೂತ್ರ ಬೀಳದ ಬೆಳಕಿನ ಜಾಗದಲ್ಲಿಡಬೇಕು. ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವಾಗಿ ಹೊಸ ಆಹಾರವನ್ನು ಹಾಕಿ, ಉಳಿದುದನ್ನು ತೆಗೆದು ತಾಯಿಯ ತೊಟ್ಟಿಗೆ ಸೇರಿಸಬೇಕು. ಹಳಸಿದ ಅಥವಾ ಒದ್ದೆಯಾದ ಆಹಾರವನ್ನು ಮರಿಗಳು ಮುಟ್ಟುವುದಿಲ್ಲ; ಮುಟ್ಟಿದರೆ ಭೇದಿ ಖಚಿತ. ಪಕ್ಕದಲ್ಲಿಯೇ ತಗ್ಗಾದ ಪಾತ್ರೆಯಲ್ಲಿ ಶುದ್ಧ ನೀರಿರಬೇಕು. ಮೊದಲ ಹತ್ತು ದಿನ ಮರಿಗಳು ಆಹಾರವನ್ನು ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಅದನ್ನು ಕಂಡು ಆಹಾರವನ್ನು ನಿಲ್ಲಿಸಬಾರದು. ಎಂಟು ವಾರಗಳ ಹೊತ್ತಿಗೆ ಒಂದು ಮರಿಯು ಒಟ್ಟು ಸುಮಾರು 10 ಕಿಲೋಗ್ರಾಂ ಕ್ರೀಪ್ ಆಹಾರವನ್ನು ತಿಂದಿರಬೇಕು. ಇದರ ಬಹುಪಾಲು ಕೊನೆಯ ಮೂರು ವಾರಗಳಲ್ಲಿ ಖರ್ಚಾಗುತ್ತದೆ.

ಕ್ರೀಪ್ ಆಹಾರದ ಒಂದು ಮಾದರಿ

ಈ ಆಹಾರದಲ್ಲಿ ಸುಮಾರು ಶೇಕಡಾ 20ರಷ್ಟು ಸಸಾರಜನಕವಿರಬೇಕು. ನಾರಿನ ಅಂಶ ಕಡಿಮೆಯಿರಬೇಕು. 100 ಕಿಲೋಗ್ರಾಂ ಮಿಶ್ರಣಕ್ಕೆ ಈ ಕೆಳಗಿನ ಪ್ರಮಾಣವನ್ನು ಅನುಸರಿಸಬಹುದು:

ನುಣ್ಣಗೆ ಒಡೆದ ಮೆಕ್ಕೆಜೋಳ – 58.5 ಕಿಲೋಗ್ರಾಂ
ಹದವಾಗಿ ಕಾಯಿಸಿದ ಸೋಯಾ ಹಿಂಡಿ – 20 ಕಿಲೋಗ್ರಾಂ
ಒಣಮೀನಿನ ಪುಡಿ – 8 ಕಿಲೋಗ್ರಾಂ
ಗೋಧಿ ಬೂಸಾ – 6 ಕಿಲೋಗ್ರಾಂ
ಕೆನೆ ತೆಗೆದ ಹಾಲಿನ ಪುಡಿ – 5 ಕಿಲೋಗ್ರಾಂ
ಖನಿಜ ಮಿಶ್ರಣ – 2 ಕಿಲೋಗ್ರಾಂ
ಉಪ್ಪು – 0.5 ಕಿಲೋಗ್ರಾಂ

ಇದಕ್ಕೆ ಪಶುವೈದ್ಯರ ಸಲಹೆಯಂತೆ ಜೀವಸತ್ವಗಳ ಮಿಶ್ರಣವನ್ನು ಸೇರಿಸಬೇಕು. ರುಚಿಗಾಗಿ ಸ್ವಲ್ಪ ಬೆಲ್ಲವನ್ನು ಬೆರೆಸಿದರೆ ಮರಿಗಳು ಬೇಗ ಒಗ್ಗಿಕೊಳ್ಳುತ್ತವೆ. ಮೆಕ್ಕೆಜೋಳ ದುಬಾರಿಯಾದ ಕಡೆ ಅದರ ಒಂದು ಭಾಗಕ್ಕೆ ಬದಲಾಗಿ ಅಕ್ಕಿಯ ನುಚ್ಚನ್ನು ಬಳಸಬಹುದು. ಮೀನಿನ ಪುಡಿಯಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಬೇರೆ ಉಪ್ಪನ್ನು ಸೇರಿಸಬಾರದು. ಹಸಿ ಸೋಯಾ ಕಾಳನ್ನು ಎಂದೂ ಕೊಡಕೂಡದು. ಅದರಲ್ಲಿ ಸಸಾರಜನಕದ ಜೀರ್ಣಕ್ರಿಯೆಯನ್ನು ತಡೆಯುವ ಅಂಶವಿದ್ದು, ಕಾಯಿಸಿದಾಗ ಮಾತ್ರ ಅದು ನಾಶವಾಗುತ್ತದೆ. ಮಳೆಗಾಲದಲ್ಲಿ ಮೆಕ್ಕೆಜೋಳ ಹಾಗೂ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷವು ಎಳೆಮರಿಯ ಯಕೃತ್ತನ್ನು ಕೆಡಿಸುವುದರಿಂದ ಅಂತಹ ಪದಾರ್ಥವನ್ನು ತೊಳೆದು ಒಣಗಿಸಿಯೂ ಉಪಯೋಗಿಸಬಾರದು. ಎರಡು ವಾರಗಳಿಗೆ ಸಾಲುವಷ್ಟು ಮಾತ್ರ ಆಹಾರವನ್ನು ಬೆರೆಸಿಟ್ಟುಕೊಳ್ಳುವುದು ಲೇಸು.

ಮುಸುರೆಯ ವಿಷಯದಲ್ಲಿ ಎಚ್ಚರಿಕೆ

ನಗರಗಳ ಅಂಚಿನ ಸಾಕಣೆದಾರರು ಹೋಟೆಲು ಮತ್ತು ವಿದ್ಯಾರ್ಥಿನಿಲಯಗಳ ಮುಸುರೆಯನ್ನು ತಂದು ಹಂದಿಗಳಿಗೆ ಹಾಕುವುದು ವಾಡಿಕೆ. ಬೆಳೆದ ಹಂದಿಗೆ ಇದರಿಂದ ಹೊಟ್ಟೆ ತುಂಬಬಹುದು. ಎಳೆಮರಿಗೆ ಮಾತ್ರ ಇದು ತಕ್ಕ ಆಹಾರವಲ್ಲ. ಮುಸುರೆಯಲ್ಲಿ ನೀರಿನಂಶವೇ ಹೆಚ್ಚು. ಮರಿಯ ಪುಟ್ಟ ಹೊಟ್ಟೆಯು ನೀರಿನಿಂದ ತುಂಬಿ, ಬೇಕಾದ ಸಸಾರಜನಕ ದೊರೆಯದೆ ಹೋಗುತ್ತದೆ. ಉಪ್ಪು, ಖಾರ, ಎಣ್ಣೆಗಳು ಅದರ ಕರುಳಿಗೆ ಹಾನಿಕರ.

ಇದಕ್ಕಿಂತ ದೊಡ್ಡ ಅಪಾಯವು ರೋಗದ್ದು. ಆಫ್ರಿಕನ್ ಹಂದಿ ಜ್ವರವು ಭಾರತದಲ್ಲಿ ಮೊದಲ ಬಾರಿಗೆ 2020ರಲ್ಲಿ ಅಸ್ಸಾಂ ಹಾಗೂ ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡಿತು. ಇದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ಹಂದಿಗಳಲ್ಲಿ ಇದಕ್ಕೆ ಚಿಕಿತ್ಸೆಯಿಲ್ಲ. ರೋಗದ ವೈರಾಣುವು ಹಂದಿ ಮಾಂಸದ ತುಣುಕುಗಳಲ್ಲಿ ಬಹುಕಾಲ ಜೀವಂತವಿದ್ದು, ಮುಸುರೆಯ ಮೂಲಕ ಒಂದೂರಿನಿಂದ ಇನ್ನೊಂದೂರಿಗೆ ಹರಡಬಲ್ಲದು. ಮಾಂಸ ಬೆರೆತ ಮುಸುರೆಯನ್ನು ದೂರವಿಡುವುದೇ ಕ್ಷೇಮ. ಉಳಿದ ಮುಸುರೆಯನ್ನೂ ಕನಿಷ್ಠ 30 ನಿಮಿಷಗಳ ಕಾಲ ಚೆನ್ನಾಗಿ ಕುದಿಸಿ, ಆರಿಸಿ, ಬೆಳೆದ ಹಂದಿಗಳಿಗೆ ಮಾತ್ರ ಹಾಕಬೇಕು.

ತಬ್ಬಲಿ ಮರಿಗಳ ಪೋಷಣೆ

ತಾಯಿ ಸತ್ತಾಗ ಅಥವಾ ಮೊಲೆತೊಟ್ಟುಗಳಿಗಿಂತ ಮರಿಗಳ ಸಂಖ್ಯೆ ಹೆಚ್ಚಿದ್ದಾಗ, ಅದೇ ಸಮಯದಲ್ಲಿ ಮರಿ ಹಾಕಿದ ಇನ್ನೊಂದು ಹಂದಿಗೆ ಮರಿಗಳನ್ನು ಬಿಡುವುದು ಉತ್ತಮ ಮಾರ್ಗ. ಸಾಧ್ಯವಿದ್ದಲ್ಲಿ ಮರಿಗೆ ಸ್ವಂತ ತಾಯಿಯ ಗಿಣ್ಣುಹಾಲು ದೊರೆತ ಮೇಲೆ, ಮೊದಲ ಒಂದೆರಡು ದಿನಗಳೊಳಗೆ ಇದನ್ನು ಮಾಡಬೇಕು. ಸಾಕುತಾಯಿಯು ವಾಸನೆಯಿಂದ ಪರಕೀಯ ಮರಿಯನ್ನು ಗುರುತಿಸುವುದರಿಂದ, ಅದರ ಹಾಸುಹುಲ್ಲನ್ನು ಮರಿಯ ಮೈಗೆ ಉಜ್ಜಿ, ರಾತ್ರಿಯ ವೇಳೆ ಬಿಡುವುದು ಒಳ್ಳೆಯದು.

ಸಾಕುತಾಯಿ ದೊರೆಯದಿದ್ದರೆ ಹಸುವಿನ ಹಾಲನ್ನು ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಮೊದಲ ದಿನ ಹಸುವಿನ ಗಿಣ್ಣುಹಾಲು ಸಿಕ್ಕಿದರೆ ಸ್ವಲ್ಪಮಟ್ಟಿನ ರಕ್ಷಣೆ ದೊರೆಯುತ್ತದೆ. ಹಸುವಿನ ಹಾಲಿನಲ್ಲಿಯೂ ಕಬ್ಬಿಣ ಅತ್ಯಲ್ಪವಾದ್ದರಿಂದ ಕಬ್ಬಿಣದ ಚುಚ್ಚುಮದ್ದನ್ನು ಮರೆಯಬಾರದು. ಬಳಸಿದ ಪಾತ್ರೆಗಳನ್ನು ಪ್ರತಿ ಬಾರಿಯೂ ಬಿಸಿನೀರಿನಿಂದ ತೊಳೆಯತಕ್ಕದ್ದು.

ತಾಯಿಯಿಂದ ಬೇರ್ಪಡಿಸುವುದು

ಸಣ್ಣ ಸಾಕಣೆದಾರರಿಗೆ ಎಂಟು ವಾರಗಳ ವಯಸ್ಸಿನಲ್ಲಿ ಮರಿಗಳನ್ನು ತಾಯಿಯಿಂದ ಬೇರ್ಪಡಿಸುವುದು ಸುರಕ್ಷಿತ. ಆ ಹೊತ್ತಿಗೆ ಮಿಶ್ರತಳಿಯ ಮರಿಯು ಸಾಮಾನ್ಯವಾಗಿ 10 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಗುತ್ತದೆ. ಕ್ರೀಪ್ ಆಹಾರವನ್ನು ಚೆನ್ನಾಗಿ ತಿನ್ನುತ್ತಿರುವ ಮರಿಗಳನ್ನು ಆರು ವಾರಗಳಿಗೇ ಬೇರ್ಪಡಿಸಬಹುದು. ದೊಡ್ಡ ಕ್ಷೇತ್ರಗಳಲ್ಲಿ ನಾಲ್ಕು ವಾರಗಳಿಗೆ ಬೇರ್ಪಡಿಸುವುದುಂಟಾದರೂ, ಅದಕ್ಕೆ ಬೇಕಾದ ಶಾಖ, ವಿಶೇಷ ಆಹಾರ ಹಾಗೂ ಸ್ವಚ್ಛತೆಯ ಏರ್ಪಾಡುಗಳು ಮನೆಯ ಕೊಟ್ಟಿಗೆಯಲ್ಲಿ ಕಷ್ಟಸಾಧ್ಯ.

ಬೇರ್ಪಡಿಸಿದ ಮೊದಲ ವಾರವು ಮರಿಯ ಜೀವನದ ಎರಡನೆಯ ಗಂಡಾಂತರ. ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರವನ್ನು ಹೀರುವ ಬೆರಳಿನಾಕಾರದ ಸೂಕ್ಷ್ಮ ಎಳೆಗಳಿವೆ. ಮರಿಯು ಒಂದೆರಡು ದಿನ ಏನನ್ನೂ ತಿನ್ನದಿದ್ದರೆ ಈ ಎಳೆಗಳು ಮೊಟಕಾಗುತ್ತವೆ. ಬಳಿಕ ಹಸಿವು ತಾಳಲಾರದೆ ಒಮ್ಮೆಲೇ ಹೆಚ್ಚು ತಿಂದಾಗ ಆಹಾರವು ಜೀರ್ಣವಾಗದೆ ಕರುಳಿನಲ್ಲಿ ಕೊಳೆತು, ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾಗಳು ವೃದ್ಧಿಯಾಗಿ ಭೇದಿ ಆರಂಭವಾಗುತ್ತದೆ. ಮೊದಲೇ ಕ್ರೀಪ್ ಆಹಾರಕ್ಕೆ ಒಗ್ಗಿದ ಮರಿಗೆ ಈ ಅಪಾಯ ಕಡಿಮೆ.

ಆದುದರಿಂದ ತಾಯಿಯನ್ನು ಬೇರೆಡೆಗೆ ಸಾಗಿಸಿ, ಮರಿಗಳನ್ನು ಪರಿಚಿತವಾದ ಅದೇ ಕೊಟ್ಟಿಗೆಯಲ್ಲಿ ಕೆಲವು ದಿನ ಇರಿಸಬೇಕು. ಮೊದಲ ಎರಡು ವಾರ ಅದೇ ಕ್ರೀಪ್ ಆಹಾರವನ್ನು ಮುಂದುವರಿಸಿ, ಬಳಿಕ ಹೊಸ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬದಲಾಯಿಸಬೇಕು. ಬೇರ್ಪಡಿಸುವ ದಿನದಂದೇ ಬೀಜ ಒಡೆಯುವುದು, ಲಸಿಕೆ ಹಾಕಿಸುವುದು, ಬೇರೆ ಸೂಲಿನ ಮರಿಗಳೊಂದಿಗೆ ಕೂಡಿಸುವುದು ಇವುಗಳನ್ನು ಮಾಡಬಾರದು. ತಾಯಿಗೆ ಆ ದಿನ ಆಹಾರವನ್ನು ಕಡಿಮೆ ಮಾಡಿದರೆ ಕೆಚ್ಚಲಿನ ಒತ್ತಡ ತಗ್ಗುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನಗಳಲ್ಲಿ ಅದು ಪುನಃ ಬೆದೆಗೆ ಬರುತ್ತದೆ.

ಔಷಧಿ ಮತ್ತು ಆಹಾರ

ಮರಿಗಳಿಗೆ ಭೇದಿಯಾಗದಿರಲೆಂದು ಆಹಾರದಲ್ಲಿ ಪ್ರತಿಜೈವಿಕ ಔಷಧಿಗಳನ್ನು ಬೆರೆಸುವ ಪದ್ಧತಿಯು ಜಗತ್ತಿನಾದ್ಯಂತ ದಶಕಗಳ ಕಾಲ ನಡೆದುಬಂದಿತು. ಇದರಿಂದ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡು ಮನುಷ್ಯರ ಚಿಕಿತ್ಸೆಗೂ ತೊಡಕಾಗುವುದೆಂದು ಸ್ಪಷ್ಟವಾಗಿದೆ. ಬೆಳವಣಿಗೆಗಾಗಿ ಪ್ರತಿಜೈವಿಕಗಳನ್ನು ಆಹಾರದಲ್ಲಿ ಬೆರೆಸುವುದನ್ನು ಯೂರೋಪಿನ ಒಕ್ಕೂಟವು 2006ರಿಂದ ನಿಷೇಧಿಸಿತು. ಮರಿಗಳ ಭೇದಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡಲಾಗುತ್ತಿದ್ದ ಸತುವಿನ ಆಕ್ಸೈಡ್ ಔಷಧಿಯನ್ನೂ ಅಲ್ಲಿ 2022ರಲ್ಲಿ ಕೈಬಿಡಲಾಯಿತು. ಭಾರತ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಎಂಬ ಔಷಧಿಯ ಬಳಕೆಯನ್ನು 2019ರಲ್ಲಿ ನಿಷೇಧಿಸಿತು.

ಔಷಧಿಯ ಊರುಗೋಲು ಇಲ್ಲದಿರುವಾಗ ಗಿಣ್ಣುಹಾಲು, ಶಾಖ, ಸ್ವಚ್ಛತೆ ಮತ್ತು ಸಕಾಲದ ಕ್ರೀಪ್ ಆಹಾರಗಳ ಮಹತ್ವವು ಹೆಚ್ಚುತ್ತದೆ. ಭೇದಿ ಕಾಣಿಸಿಕೊಂಡರೆ ಅಂಗಡಿಯ ಮಾತು ಕೇಳಿ ಮಾತ್ರೆ ಹಾಕುವ ಬದಲು ಪಶುವೈದ್ಯರನ್ನು ಕರೆಯಬೇಕು. ಅವರು ಬರುವವರೆಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪನ್ನು ಕರಗಿಸಿ ಮೇಲಿಂದ ಮೇಲೆ ಕುಡಿಸಬೇಕು. ಭೇದಿಯಾದ ಮರಿಯು ಬಹುತೇಕ ನೀರು ಬತ್ತಿ ಸಾಯುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ನೆನಪಿಡಬೇಕಾದ ಅಂಶಗಳು

ಗಬ್ಬದ ಕೊನೆಯ ತಿಂಗಳು: ತಾಯಿಗೆ ಹೆಚ್ಚಿನ ಆಹಾರ, ಪ್ರಸವಕ್ಕೆ ಮೂರು ನಾಲ್ಕು ದಿನ ಮುಂಚೆ ಹೆಚ್ಚು ಬೂಸಾ.
ಮೊದಲ ದಿನ: ಪ್ರತಿ ಮರಿಗೂ ಗಿಣ್ಣುಹಾಲು, ಒಣ ಹಾಸು, 32ರಿಂದ 35 ಡಿಗ್ರಿ ಶಾಖ.
ಮೂರು ಅಥವಾ ನಾಲ್ಕನೆಯ ದಿನ: ಕಬ್ಬಿಣದ ಚುಚ್ಚುಮದ್ದು.
10ರಿಂದ 14ನೆಯ ದಿನ: ಕ್ರೀಪ್ ಆಹಾರ ಮತ್ತು ನೀರಿನ ಆರಂಭ, ಅಗತ್ಯವಿದ್ದಲ್ಲಿ ಕಬ್ಬಿಣದ ಎರಡನೆಯ ಚುಚ್ಚುಮದ್ದು.
ನಾಲ್ಕರಿಂದ ಎಂಟನೆಯ ವಾರ: ಕ್ರೀಪ್ ಆಹಾರದ ಪ್ರಮಾಣವನ್ನು ದಿನೇ ದಿನೇ ಹೆಚ್ಚಿಸುವುದು.
ಎಂಟನೆಯ ವಾರ: ತಾಯಿಯನ್ನು ಬೇರ್ಪಡಿಸುವುದು, ಮರಿಗಳಿಗೆ ಹಳೆಯ ಕೊಟ್ಟಿಗೆ, ಹಳೆಯ ಆಹಾರ.

ಪ್ರತಿ ಸೂಲಿಗೂ ಒಂದು ಪುಟದಂತೆ ನೋಟ್‌ಬುಕ್ಕಿನಲ್ಲಿ ಹುಟ್ಟಿದ ಮರಿಗಳ ಸಂಖ್ಯೆ, ಸತ್ತವುಗಳ ಸಂಖ್ಯೆ ಹಾಗೂ ಕಾರಣ, ಎಂಟನೆಯ ವಾರದ ತೂಕ ಇವುಗಳನ್ನು ಬರೆದಿಡುವುದು ಉಪಯುಕ್ತ. ಮುಂದಿನ ಬಾರಿ ಯಾವ ತಾಯಿಯನ್ನು ಉಳಿಸಿಕೊಳ್ಳಬೇಕು, ಯಾವ ದಿನ ಹೆಚ್ಚು ಎಚ್ಚರವಹಿಸಬೇಕು ಎಂಬುದು ಈ ಪುಟಗಳಿಂದಲೇ ತಿಳಿದುಬರುತ್ತದೆ.

ಮಾಹಿತಿ ಎಲ್ಲಿ ದೊರೆಯುತ್ತದೆ?

ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರವು 2002ರಲ್ಲಿ ಗುವಾಹಟಿಯ ಸಮೀಪದ ರಾಣಿ ಎಂಬಲ್ಲಿ ಸ್ಥಾಪನೆಗೊಂಡಿತು. ಹ್ಯಾಂಪ್‌ಶೈರ್ ಮತ್ತು ಘುಂಗ್ರೂ ತಳಿಗಳ ಸಂಕರದಿಂದ ‘ರಾಣಿ’ ಎಂಬ ಮಿಶ್ರತಳಿಯನ್ನು ಈ ಕೇಂದ್ರವು ರೂಪಿಸಿದೆ. ದಕ್ಷಿಣದಲ್ಲಿ ಚೆನ್ನೈ ಸಮೀಪದ ಕಾಟುಪಾಕ್ಕಂ ಹಾಗೂ ಕೇರಳದ ಮಣ್ಣುತ್ತಿಗಳಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಗಳ ಹಂದಿ ಸಂಶೋಧನಾ ಘಟಕಗಳಿವೆ. ಜಿಲ್ಲಾ ಮಟ್ಟದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳೂ ಸಮೀಪದ ಪಶು ಆಸ್ಪತ್ರೆಗಳೂ ಸಲಹೆ ನೀಡುತ್ತವೆ. 1800-180-1551 ಎಂಬ ಕಿಸಾನ್ ಕರೆ ಕೇಂದ್ರದ ಉಚಿತ ದೂರವಾಣಿ ಸಂಖ್ಯೆಯಲ್ಲಿಯೂ ವಿವರಗಳನ್ನು ಪಡೆಯಬಹುದು.

ಎಳೆತನದಲ್ಲಿ ಆಗುವ ಖರ್ಚು ಅಲ್ಪ. ಒಂದು ಬಲ್ಬು, ಒಂದಿಷ್ಟು ಒಣಹುಲ್ಲು, ಒಂದು ಚುಚ್ಚುಮದ್ದು, ಮರಿಯೊಂದಕ್ಕೆ ಹತ್ತು ಕಿಲೋಗ್ರಾಂ ಆಹಾರ ಹಾಗೂ ಪ್ರಸವದ ರಾತ್ರಿ ಒಬ್ಬರ ಜಾಗರಣೆ ಇವಿಷ್ಟೇ ಬೇಕಾಗುವ ಬಂಡವಾಳ. ಇಷ್ಟನ್ನು ಸಕಾಲದಲ್ಲಿ ಒದಗಿಸಿದ ಕುಟುಂಬವು ಅದೇ ತಾಯಿ ಹಂದಿಯಿಂದ, ಸ್ವಲ್ಪವೇ ಹೆಚ್ಚಿನ ಆಹಾರದಿಂದ, ಹೆಚ್ಚು ಮರಿಗಳನ್ನೂ ಹೆಚ್ಚು ಆದಾಯವನ್ನೂ ಪಡೆಯಬಹುದಾಗಿದೆ.